ಮಿಂಚು ಬೇರೆ, ಸಿಡಿಲು ಬೇರೆ

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಹವಾಮಾನದ ಪದಗಳು ತಲೆ ತಿನ್ನುತ್ತಿವೆ. ರಾಯೊ, ರೆಲಾಂಪಾಗೊ ಎರಡೂ ಒಂದೇನಾ? ತೊರ್ಮೆಂತಾಗೂ ಬೊರ್ರಾಸ್ಕಾಗೂ ಏನು ವ್ಯತ್ಯಾಸ? ನಿಯೆಬ್ಲಾ, ನೆಬ್ಲಿನಾ, ಕಲೀಮಾ ಮೂರೂ ಮಂಜೇ ಅಲ್ವಾ?

ಉತ್ತರ: ನೀವು ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕಲಿಯುತ್ತಿರಬೇಕು. ಮೊದಲ ಜೋಡಿಗೆ ಅದು ಬೇಡವೇ ಬೇಡ. ರೆಲಾಂಪಾಗೊ ಅಂದರೆ ಮಿಂಚು, ಫಳಕ್ಕನೆ ಕಾಣುವ ಬೆಳಕು. ರಾಯೊ ಅಂದರೆ ಸಿಡಿಲು, ಮರಕ್ಕೋ ಮನೆಗೋ ಬಡಿಯುವಂಥದ್ದು. ತ್ರುಯೆನೊ ಗುಡುಗು. ಇಂಗ್ಲಿಷಿನಲ್ಲಿ ಮಿಂಚಿಗೂ ಸಿಡಿಲಿಗೂ ಸಾಮಾನ್ಯವಾಗಿ ಒಂದೇ ಪದ, ಗೊಂದಲ ಹುಟ್ಟುವುದೇ ಅಲ್ಲಿ. ನಾವು ಸಿಡಿಲು ಬಿತ್ತು ಅನ್ನುತ್ತೇವಲ್ಲ, ಅವರೂ ‘ಕಾಯೋ ಉನ್ ರಾಯೊ’ ಅನ್ನುತ್ತಾರೆ. ಕಾಯೋ ಅಂದರೆ ಬಿತ್ತು! ಪಾಠ ಹೇಳುವಾಗ ನನಗೆ ತುಂಬಾ ಖುಷಿ ಕೊಡುವ ಜಾಗ ಇದು. ಬಿಸಿಲಿನ ಕಿರಣಕ್ಕೂ ರಾಯೊ ಅನ್ನುವುದುಂಟು, ಸಂದರ್ಭ ನೋಡಿಕೊಳ್ಳಿ.

ತೊರ್ಮೆಂತಾ ಅಂದರೆ ಗುಡುಗು ಮಿಂಚಿನ ಮಳೆ. ಒಂದೆರಡು ಗಂಟೆ ಆರ್ಭಟಿಸಿ ಹೋಗಿಬಿಡಬಹುದು. ಬೊರ್ರಾಸ್ಕಾ ಹಾಗಲ್ಲ. ಅದು ನೂರಾರು ಕಿಲೋಮೀಟರ್ ಹರಡಿಕೊಂಡ ವಾಯುಭಾರ ಕುಸಿತ. ಜೋರಾದ ಬೊರ್ರಾಸ್ಕಾಗಳಿಗೆ ಸ್ಪೇನ್‌ನ ಹವಾಮಾನ ಸಂಸ್ಥೆ 2017ರಿಂದ ಹೆಸರಿಡುತ್ತಿದೆ. 2021ರ ಜನವರಿಯಲ್ಲಿ ಮ್ಯಾಡ್ರಿಡ್ ನಗರ ಹಿಮದಲ್ಲಿ ಹೂತುಹೋಯಿತಲ್ಲ, ಆ ಫಿಲೊಮೆನಾ ಒಂದು ಬೊರ್ರಾಸ್ಕಾ. ಕೆರಿಬಿಯನ್ ಕಡೆಯ ‘ತೊರ್ಮೆಂತಾ ತ್ರೊಪಿಕಾಲ್’, ಅಂದರೆ ಉಷ್ಣವಲಯದ ಬಿರುಗಾಳಿ, ಮಾತ್ರ ಬೇರೆ. ಅದೇ ಬಲಗೊಂಡರೆ ಉರಕಾನ್, ಅಂದರೆ ಚಂಡಮಾರುತ.

ಇನ್ನು ಮಂಜು. ಎದುರಿಗೆ 1 ಕಿಲೋಮೀಟರ್ ದೂರವೂ ಕಾಣದಿದ್ದರೆ ನಿಯೆಬ್ಲಾ, ಅದಕ್ಕಿಂತ ತೆಳುವಾಗಿದ್ದರೆ ನೆಬ್ಲಿನಾ. ಎರಡೂ ನೀರಿನ ಹನಿಗಳೇ.

ಕಲೀಮಾ ಮಂಜೇ ಅಲ್ಲ, ದಯವಿಟ್ಟು ಹಾಗೆ ಬರೆಯಬೇಡಿ. ಅದು ಒಣ ಧೂಳು. ಸಹಾರಾ ಮರುಭೂಮಿಯಿಂದ ಗಾಳಿಯಲ್ಲಿ ತೇಲಿಬಂದು ಕ್ಯಾನರಿ ದ್ವೀಪಗಳನ್ನು ಕವಿಯುತ್ತದೆ. ಆಕಾಶ ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಉಸಿರಾಟದ ತೊಂದರೆ ಇರುವವರು ಹೊರಗೆ ಬರಬಾರದು. 2020ರ ಫೆಬ್ರವರಿಯಲ್ಲಿ ಇದರಿಂದ ಅಲ್ಲಿನ ವಿಮಾನ ನಿಲ್ದಾಣಗಳನ್ನೇ ಮುಚ್ಚಬೇಕಾಯಿತು. ‘ಇವತ್ತು ಕಲೀಮಾ ಇದೆ’ ಅಂತ ಯಾರಾದರೂ ಹೇಳಿದಾಗ ನೀವು ತಂಪಾದ ಮಂಜು ಅಂದುಕೊಂಡು ಹೊರಟರೆ ಕಷ್ಟ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ತುಂತುರು ಮಳೆಗೆ ಪೆರುವಿನ ಲಿಮಾದಲ್ಲಿ ಗರೂವಾ, ಸ್ಪೇನ್‌ನ ಬಾಸ್ಕ್ ಸೀಮೆಯಲ್ಲಿ ಸಿರಿಮಿರಿ ಅನ್ನುತ್ತಾರೆ. ಯೊವಿಸ್ನಾ ಅಂದರೆ ಎಲ್ಲ ಕಡೆಯೂ ಅರ್ಥವಾಗುತ್ತದೆ. ಮೊದಲು ಅದನ್ನು ಕಲಿಯಿರಿ.