ಆಹ್ವಾನವನ್ನು ಕ್ಯಾಲೆಂಡರ್ ಕಡತವಾಗಿ ಕಳುಹಿಸುವ ಬಗೆ

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ 6:30ಕ್ಕೆ ಸಾಹಿತ್ಯ ಸಂವಾದ ನಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಆಹ್ವಾನಪತ್ರಿಕೆಯ ಚಿತ್ರ ಕಳುಹಿಸಿದರೂ ಹಲವರು ಮರೆಯುತ್ತಾರೆ. ಅಮೆರಿಕದಿಂದ ಆನ್‌ಲೈನ್‌ನಲ್ಲಿ ಸೇರುವವರು ಸಮಯದ ಲೆಕ್ಕ ತಪ್ಪುತ್ತಾರೆ. ನೇರವಾಗಿ ಕ್ಯಾಲೆಂಡರಿಗೇ ಸೇರುವ ಕಡತವನ್ನು ನಾವೇ ತಯಾರಿಸಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಖಂಡಿತ ತಯಾರಿಸಬಹುದು. ನಿಮಗೆ ಬೇಕಿರುವುದು ಐಕ್ಯಾಲೆಂಡರ್ ಎಂಬ ಮುಕ್ತ ಮಾನಕದ ಕಡತ. ಅದರ ಹೆಸರು ‘ಡಾಟ್ ಐಸಿಎಸ್’ ಎಂದು ಕೊನೆಗೊಳ್ಳುತ್ತದೆ. 1998ರಲ್ಲಿ ರೂಪುಗೊಂಡು 2009ರಲ್ಲಿ ಪರಿಷ್ಕೃತವಾದ ಈ ಮಾನಕವನ್ನು ಗೂಗಲ್, ಆ್ಯಪಲ್, ಔಟ್‌ಲುಕ್ ಮೂರರ ಕ್ಯಾಲೆಂಡರ್‌ಗಳೂ ಓದಬಲ್ಲವು. ಥಂಡರ್‌ಬರ್ಡ್‌ನಂತಹ ಉಚಿತ ತಂತ್ರಾಂಶದಲ್ಲಿ ಕಾರ್ಯಕ್ರಮವನ್ನು ನಮೂದಿಸಿ ರಫ್ತು ಮಾಡಿದರೆ ಕಡತ ಸಿದ್ಧ. ಆದರೂ ಅದನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ಒಳಗಿರುವುದು ಬರೀ ಪಠ್ಯವಾದ್ದರಿಂದ ತಪ್ಪುಗಳು ಕಣ್ಣಿಗೇ ಬೀಳುತ್ತವೆ.

ಮೊದಲು ಗಮನಿಸಬೇಕಾದದ್ದು ಸಮಯವನ್ನು. ಕಾಲವಲಯದ ಹೆಸರಿಲ್ಲದೆ ಬರಿದೇ 6:30 ಎಂದು ಬರೆದರೆ ನ್ಯೂಜೆರ್ಸಿಯ ಫೋನು ಅದನ್ನು ಅಲ್ಲಿನ 6:30 ಎಂದೇ ತಿಳಿಯುತ್ತದೆ. ಭಾರತದ ಸಮಯದಿಂದ ಐದೂವರೆ ಗಂಟೆ ಕಳೆದು, ಮಧ್ಯಾಹ್ನ 1 ಗಂಟೆಯನ್ನು 130000 (ಗಂಟೆ, ನಿಮಿಷ, ಸೆಕೆಂಡಿಗೆ ಎರಡೆರಡು ಅಂಕಿ) ಎಂದು ಬರೆದು, ಕೊನೆಗೆ ಇಂಗ್ಲಿಷಿನ ಝಡ್ ಅಕ್ಷರವನ್ನು ಸೇರಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸುರಕ್ಷಿತ. ಅದು ಜಾಗತಿಕ ಪ್ರಮಾಣಿತ ಸಮಯವೆಂಬ ಸೂಚನೆ. ನಮ್ಮಲ್ಲಿ ಋತುವಿಗೆ ತಕ್ಕಂತೆ ಗಡಿಯಾರ ತಿದ್ದುವ ಪದ್ಧತಿ ಇಲ್ಲದಿರುವುದರಿಂದ ಈ ಲೆಕ್ಕ ವರ್ಷವಿಡೀ ಒಂದೇ. ನ್ಯೂಜೆರ್ಸಿಯವರಿಗೆ ಮಾತ್ರ ಅದು ಬೇಸಿಗೆಯಲ್ಲಿ ಬೆಳಗಿನ 9, ಚಳಿಗಾಲದಲ್ಲಿ 8 ಎಂದು ಸರಿಯಾಗಿಯೇ ಕಾಣುತ್ತದೆ. ಮುಂದೆ ಧನುರ್ಮಾಸದ ಬೆಳಗಿನ 5ರ ಪೂಜೆಗೂ ಇಂತಹ ಕಡತ ಮಾಡುವುದಾದರೆ, ಐದೂವರೆ ಗಂಟೆ ಕಳೆದಾಗ ತಾರೀಖೂ ಹಿಂದಿನ ದಿನಕ್ಕೆ ಸರಿಯುತ್ತದೆ ಎಂಬುದು ನೆನಪಿರಲಿ.

ತಿಂಗಳಿಗೊಮ್ಮೆ ಹೊಸ ಕಡತ ಬೇಕಿಲ್ಲ. ಪುನರಾವರ್ತನೆಯ ಸಾಲಿನಲ್ಲಿ ‘ಪ್ರತಿ ತಿಂಗಳು, ಎರಡನೆಯ ಶನಿವಾರ’ ಎಂಬ ನಿಯಮವನ್ನು ಹೇಳಬಹುದು. ಒಂದು ಗಂಟೆ ಮೊದಲು ನೆನಪಿಸುವ ಸೂಚನೆಯನ್ನೂ ಸೇರಿಸಬಹುದು, ಆದರೆ ಕೆಲವು ಆ್ಯಪ್‌ಗಳು ಅದನ್ನು ಬದಿಗಿಟ್ಟು ತಮ್ಮದೇ ವ್ಯವಸ್ಥೆಯನ್ನು ಅನುಸರಿಸುತ್ತವೆ.

ಕನ್ನಡದ ಶೀರ್ಷಿಕೆಗೆ ಅಡ್ಡಿಯಿಲ್ಲ. ಪಠ್ಯ ಯುನಿಕೋಡ್‌ನಲ್ಲಿದ್ದು, ಕಡತವನ್ನು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಕಡತದಲ್ಲಿ ದಾಖಲಿಸುವ ಒಂದು ವಿಧಾನ) ಆಗಿ ಉಳಿಸಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ವಿಳಾಸದಲ್ಲಿ ಬರುವ ಪ್ರತಿ ಅಲ್ಪವಿರಾಮಕ್ಕೆ ಮೊದಲು ಹಿಮ್ಮುಖ ಓರೆಗೆರೆ (\) ಇರಬೇಕೆಂಬುದು ಮಾನಕದ ನಿಯಮ. ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕ್ ಎಂದು ಬೆಳೆಯುವ ನಮ್ಮ ಬೆಂಗಳೂರಿನ ವಿಳಾಸಗಳಲ್ಲಿ ಇದು ಸಣ್ಣ ಕೆಲಸವೇನಲ್ಲ. ರಫ್ತು ಮಾಡಿದ ಕಡತದಲ್ಲಿ ತಂತ್ರಾಂಶವೇ ಅದನ್ನು ನೋಡಿಕೊಳ್ಳುತ್ತದೆ.

ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿ. ಗೂಗಲ್ ಕ್ಯಾಲೆಂಡರಿನ ಆಮದು ಸೌಲಭ್ಯ ಕಂಪ್ಯೂಟರಿನಲ್ಲಷ್ಟೇ ಇರುವುದರಿಂದ, ಫೋನಿನಲ್ಲಿ ತೆರೆಯದವರಿಗೆ ಇಮೇಲ್ ಮೂಲಕವೂ ಕಳುಹಿಸುವುದು ಒಳ್ಳೆಯದು.

ಪ್ರಶ್ನೆ: ಕಳುಹಿಸಿದ ಮೇಲೆ ಸ್ಥಳ ಬದಲಾದರೆ?
– ಅದೇ ಓದುಗರು

ಉತ್ತರ: ಒಮ್ಮೆ ಕೈಬಿಟ್ಟ ಕಡತ ತಾನಾಗಿ ಬದಲಾಗುವುದಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಕಡತದಲ್ಲಿ ಯುಐಡಿ ಎಂಬ ಗುರುತು ಇರುತ್ತದೆ. ಅದನ್ನು ಉಳಿಸಿಕೊಂಡು, ಪರಿಷ್ಕರಣೆಯ ಕ್ರಮಸಂಖ್ಯೆಯನ್ನು ಹೆಚ್ಚಿಸಿ ಮತ್ತೆ ಕಳುಹಿಸಬೇಕು. ಗುರುತು ಬದಲಾದರೆ ಹಳೆಯ ನಮೂದು ಉಳಿದು, ಜನ ಎರಡು ಸ್ಥಳಗಳ ನಡುವೆ ಗೊಂದಲಕ್ಕೆ ಬೀಳುತ್ತಾರೆ. ಸ್ಥಳ ಮೇಲಿಂದ ಮೇಲೆ ಬದಲಾಗುವುದಾದರೆ ಕಡತದ ಗೋಜೇ ಬೇಡ. ಗೂಗಲ್‌ನಲ್ಲಿ ಸಂವಾದಕ್ಕೆಂದೇ ಸಾರ್ವಜನಿಕ ಕ್ಯಾಲೆಂಡರ್ ತೆರೆದು, ಅದರ ಕೊಂಡಿಯನ್ನು ಸದಸ್ಯರಿಗೆ ಕೊಡಿ. ಇತರ ಆ್ಯಪ್‌ಗಳಲ್ಲಿ ಚಂದಾದಾರರಾದವರಿಗೆ ಬದಲಾವಣೆ ಕೆಲವು ಗಂಟೆ ತಡವಾಗಿ ತಲುಪಬಹುದಾದ್ದರಿಂದ, ಅದೇ ದಿನ ಸ್ಥಳ ಬದಲಾದರೆ ಫೋನ್ ಮಾಡಿ ತಿಳಿಸುವುದೇ ಸರಿ.