ಅಕ್ಕೋರನ್ನು ಕೇಳಿ: ಫತೋರ್ಡಾದಲ್ಲಿ ಎಲ್ಲಿ ಕೂರುವುದು?

ಪ್ರಶ್ನೆ: ಅಕ್ಕೋರೇ, ನಮ್ಮದು ಕಾರವಾರದ ಸದಾಶಿವಗಡ. ಮಗ ಬೆಂಗಳೂರು ಎಫ್‌ಸಿ ಫುಟ್ಬಾಲ್ ತಂಡ ಅಂದರೆ ಪ್ರಾಣ ಬಿಡುತ್ತಾನೆ. ಗಂಡ ಗೋವಾ ತಂಡದ ಕಡೆ. ಅತ್ತೆಯ ತವರು ಗೋವಾದ ಕಾಣಕೋಣ, ಇವರು ರಜೆಯೆಲ್ಲ ಕಳೆದಿದ್ದು ಅಲ್ಲೇ. ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂನಲ್ಲಿ ಈ ಎರಡು ತಂಡಗಳ ಮ್ಯಾಚ್ ಬಂದರೆ ಎಲ್ಲರೂ ಹೋಗಲೇಬೇಕು ಅಂತ ಮಗನ ಹಟ. ಅತ್ತೆಯೂ ಬರುತ್ತಾರಂತೆ. ಟ್ರೇನಾ, ಕಾರಾ? ಯಾರು ಎಲ್ಲಿ ಕೂರುವುದು?

ಉತ್ತರ: ಹೋಗಿ ಬನ್ನಿ ತಂಗೀ. ಬೆಂಗಳೂರಿನ ಕಂಠೀರವ ಸ್ಟೇಡಿಯಂ ನಮಗೆ 500 ಕಿಲೋಮೀಟರ್‌ಗಿಂತ ದೂರ. ಮಡಗಾಂವ್ 70ರ ಆಸುಪಾಸು. ಕಾರವಾರದ ಹುಡುಗರಿಗೆ ತಮ್ಮ ತಂಡ ಕಣ್ಣಿಗೆ ಬೀಳುವುದೇ ಎದುರಾಳಿಯ ಅಂಗಳದಲ್ಲಿ.

ಟ್ರೇನು ಹೋಗುವಾಗ ಚಂದ, ಬರುವಾಗ ತಲೆನೋವು. ರಾತ್ರಿ ಮ್ಯಾಚ್ ಹೆಚ್ಚಾಗಿ 7.30ಕ್ಕೆ ಶುರುವಾಗುತ್ತದೆ. ಮುಗಿಯುವಾಗ 9.30, ಜನ ಕರಗುವಾಗ ಹತ್ತು. ಆಮೇಲೆ ಅತ್ತೆಯನ್ನು ಸ್ಟೇಶನ್ ಬೆಂಚಿನ ಮೇಲೆ ಕೂರಿಸಿಕೊಂಡು ಗಾಡಿ ಕಾಯುವುದು ಬೇಡ. ಕಾರೇ ಸರಿ. ಪೆಟ್ರೋಲ್ ಗಡಿಯ ಪೋಳೆಂ ದಾಟಿದ ಮೇಲೆ ಹಾಕಿಸಿ, ಗೋವಾದಲ್ಲಿ ಅಗ್ಗ. ಸದಾಶಿವಗಡದವರಿಗೆ ಇದನ್ನು ನಾನು ಹೇಳಬೇಕಾ!

ಬೆಳಗ್ಗೆಯೇ ಹೊರಡಿ. ಮಧ್ಯಾಹ್ನದ ಊಟಕ್ಕೆ ಕಾಣಕೋಣದ ತವರುಮನೆ ಇದೆಯಲ್ಲ, ಹೋಟೆಲ್ ಯಾಕೆ? ಆದರೆ ಕೈ ತೊಳೆದ ಕೂಡಲೇ ಕಾರು ಹತ್ತಬೇಡಿ. ಮುಂದೆ ಕರಮಲ ಘಾಟಿ ಇದೆ. ಹೊಟ್ಟೆ ತುಂಬ ಮೀನುಸಾರು ಉಂಡು ಆ ತಿರುವುಗಳಿಗೆ ಬಿದ್ದರೆ ಮಗನ ನೀಲಿ ಜರ್ಸಿ ನೀಲಿಯಾಗಿ ಉಳಿಯುವುದಿಲ್ಲ. ಒಂದು ತಾಸು ಅಡ್ಡಾಗಿ, ಚಹಾ ಕುಡಿದು ಹೊರಡಿ. ಅಷ್ಟರಲ್ಲಿ ಅತ್ತೆಗೆ ಅಲ್ಲೇ ಉಳಿಯುವ ಮನಸ್ಸಾದರೆ ಒತ್ತಾಯ ಮಾಡಬೇಡಿ. ಅವರು ಹೊರಟಿದ್ದು ಫುಟ್ಬಾಲಿಗೋ ತವರಿಗೋ ಯಾರಿಗೆ ಗೊತ್ತು? ವಾಪಸ್ ಬರುವಾಗ ಕರೆದುಕೊಂಡರಾಯಿತು.

ಈಗ ಕೂರುವ ವಿಷಯ. ಟಿಕೆಟ್ ತೆಗೆಯುವಾಗ ಹೊರ ಊರಿನ ತಂಡದ ಅಭಿಮಾನಿಗಳಿಗೆ ಬೇರೆ ಸ್ಟ್ಯಾಂಡ್ ಇದೆಯಾ ನೋಡಿ. ಮಗ, ನೀವು, ಅತ್ತೆ ಅಲ್ಲಿಗೆ. ಗೋವಾದವರ ಕಿತ್ತಳೆ ಬಣ್ಣದ ನಡುವೆ ನೀಲಿ ಅಂಗಿ ತೊಟ್ಟ ಹುಡುಗನನ್ನು ಕೂರಿಸಿದರೆ ಯಾರೂ ಹೊಡೆಯುವುದಿಲ್ಲ, ಆದರೆ ಅವನಿಗೆ ಬಾಯಿಬಿಟ್ಟು ಕೂಗಲಿಕ್ಕಾಗುವುದಿಲ್ಲ. ಕೂಗದೆ ಬರುವುದಾದರೆ ಮನೆಯಲ್ಲಿ ಟಿವಿ ಇತ್ತು, ಅಲ್ವಾ? ನಿಮ್ಮ ಯಜಮಾನರು ಗೋವಾ ಸ್ಟ್ಯಾಂಡಿಗೆ ಒಬ್ಬರೇ ಹೋಗಲಿ. ಎರಡು ತಾಸು ಬೇರೆ ಕೂತರೆ ಸಂಸಾರ ಮುಳುಗುವುದಿಲ್ಲ. ಅತ್ತೆಯನ್ನು ಮಾತ್ರ ಮೇಲಿನ ಸಾಲಿಗೆ ಹತ್ತಿಸಬೇಡಿ. ನೀರಿನ ಬಾಟಲಿ, ಪವರ್ ಬ್ಯಾಂಕ್ ಕಾರಿನಲ್ಲೇ ಇರಲಿ, ಗೇಟಿನಲ್ಲಿ ತೆಗೆಸುತ್ತಾರೆ. ಆ ಗದ್ದಲದಲ್ಲಿ ಫೋನ್ ಹತ್ತುವುದೂ ಕಷ್ಟ. ಮುಗಿದ ಮೇಲೆ ಎಲ್ಲಿ ಸೇರುವುದು ಅಂತ ಒಳಗೆ ಹೋಗುವ ಮೊದಲೇ ಜಾಗ ತೋರಿಸಿಕೊಳ್ಳಿ.

ರಾತ್ರಿ ಹಸಿವಾದರೆ ಬೀದಿಬದಿಯ ಗಾಡಿಯಲ್ಲಿ ರಸ್ ಆಮ್ಲೆಟ್ (ಸಾರು ಸುರಿದ ಆಮ್ಲೆಟ್), ಪಾವ್. ಸೋತವರ ಕಡೆಯವರು ದುಡ್ಡು ಕೊಡಬೇಕು ಅಂತ ಮೊದಲೇ ಮಾತಾಡಿಕೊಂಡರೆ ಮಜಾ ಜಾಸ್ತಿ. ಇನ್ನು ಯಜಮಾನರಿಗೆ ಒಂದು ಮಾತು: ಡಿಕ್ಕಿಯಲ್ಲಿ ಗೋವಾದ ಮದ್ಯದ ಬಾಟಲಿ ಬೇಡ. ಗಡಿಯ ಮಾಜಾಳಿ ತಪಾಸಣಾ ನಾಕೆಯಲ್ಲಿ ಕಾರು ತಡೆದರೆ ಉತ್ತರ ಕೊಡುವುದು ಅತ್ತೆಯ ಎದುರಿಗೆ.

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ಫತೋರ್ಡಾದಲ್ಲಿ ಗೋವಾ 2–1ರಿಂದ ಗೆದ್ದಿತು. ಫೈನಲ್‌ಗೆ ಹೋಗಿದ್ದು ಮಾತ್ರ ಬೆಂಗಳೂರು! ಇದು ಯಾವ ನ್ಯಾಯ ಅಂತ ನನ್ನ ಭಾವ ಇನ್ನೂ ಕೂಗಾಡುತ್ತಾರೆ. (ಅಂಕೋಲಾದಿಂದ)

ಉತ್ತರ: ಅದು ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನ ಎರಡನೇ ಕಂತು ತಮ್ಮಾ. ಮೊದಲ ಕಂತು ಬೆಂಗಳೂರಿನಲ್ಲಿ ನಡೆದಿತ್ತು, ಅಲ್ಲಿ ಬೆಂಗಳೂರು 2–0. ಎರಡನ್ನೂ ಕೂಡಿಸಿ ನೋಡುತ್ತಾರೆ, ಬೆಂಗಳೂರಿಗೆ 3–2 ಆಯಿತು. ಫತೋರ್ಡಾದಲ್ಲಿ 88ನೇ ನಿಮಿಷಕ್ಕೆ ಗೋವಾ ಎರಡನೇ ಗೋಲು ಹೊಡೆದಾಗ ಲೆಕ್ಕ 2–2 ಸಮವಾಗಿತ್ತು. ಇನ್ನೇನು ಹೆಚ್ಚುವರಿ ಸಮಯ ಅನ್ನುವಷ್ಟರಲ್ಲಿ, 90 ನಿಮಿಷದ ಮೇಲೆ ಸಿಗುವ ಇಂಜುರಿ ಟೈಮಿನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದರು. ನಲವತ್ತರ ಮನುಷ್ಯ! ಗೆದ್ದವರು ಸುಮ್ನೆ ಕೂತರು, ಸೋತವರು ಕುಣಿದರು. ನಿಮ್ಮ ಭಾವನಿಗೆ ಬೇಕಾದರೆ ಇದನ್ನೂ ಹೇಳಿ: ಫೈನಲ್‌ನಲ್ಲಿ ಮೋಹನ್ ಬಾಗಾನ್ ಬೆಂಗಳೂರನ್ನು 2–1ರಿಂದಲೇ ಸೋಲಿಸಿತು. ಅಲ್ಲಿ ಒಂದೇ ಪಂದ್ಯ, ಕೂಡಿಸುವ ಲೆಕ್ಕ ಇಲ್ಲ.