ನಾಲ್ಕು ವರ್ಷದ ಮಗಳಿಗೆ ಬರೆಯೋದು ಕಲಿಸಲು ಆಟ ಬಿಡಿಸಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಈಗಷ್ಟೇ ನಾಲ್ಕು ತುಂಬಿದೆ, ಎಲ್‌ಕೆಜಿ. ಬರೆಯಲು ಕೂರಿಸಿದರೆ ಎರಡನೇ ಸಾಲಿಗೇ ಕೈ ನೋಯುತ್ತೆ ಅಂತ ಅಳುತ್ತಾಳೆ, ಬಿಟ್ಟರೆ ಇಡೀ ದಿನ ಗೊಂಬೆ, ಪಾತ್ರೆ, ಮಣ್ಣು. ಪಕ್ಕದ ಮನೆ ಹುಡುಗ ಆಗಲೇ ನೂರರವರೆಗೆ ಬರೆಯುತ್ತಾನೆ. ಶಾಲೆಯ ಮಿಸ್ ‘ಮನೆಯಲ್ಲಿ ಆಟ ಕಮ್ಮಿ ಮಾಡಿಸಿ’ ಅಂದಿದ್ದಾರೆ. ಆಟ ಬಿಡಿಸಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಬಿಡಿಸಬೇಡಿ. ಕೈ ನೋಯುತ್ತೆ ಅಂತ ಅವಳು ಹೇಳುತ್ತಿರುವುದು ನೆಪ ಅಂದುಕೊಳ್ಳಬೇಡಿ, ನಿಜವಾಗಿಯೂ ನೋಯುತ್ತದೆ. ಆ ಕೈ ಗಟ್ಟಿಯಾಗುವುದು ಅವಳು ಆಡುವ ಆ ಮಣ್ಣು, ಪಾತ್ರೆಗಳಿಂದಲೇ.

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತಾರು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ನಿಮ್ಮ ಮಿಸ್ ಮಾಡುತ್ತಿರುವ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ತಾಯಂದಿರ ಸಭೆಯಲ್ಲಿ ‘ಟೀಚರ್, ಬರೀ ಆಡಿಸಿ ಕಳಿಸ್ತೀರಲ್ಲ, ಅಆಇಈ ಕಲಿಸಲ್ವಾ’ ಅಂತ ಕೇಳಿದರು. ಊರಿಗೆ ಕಾನ್ವೆಂಟ್ ವ್ಯಾನ್ ಬರಲು ಶುರುವಾಗಿತ್ತು, ಮಕ್ಕಳು ಬಿಟ್ಟು ಹೋದರೆ ಅನ್ನುವ ಹೆದರಿಕೆ ನನಗೆ. ಎಲ್ಲರ ಕೈಗೂ ಸ್ಲೇಟು ಕೊಟ್ಟೆ, ಒಂದೊಂದೇ ಮಗುವಿನ ಕೈ ಹಿಡಿದು ‘ಅ’ ತಿದ್ದಿಸಿದೆ. ಮೂರೂವರೆ ವರ್ಷದ ಒಂದು ಹುಡುಗಿ ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಿತ್ತು. ನಾನು ಬೆರಳು ಬಿಡಿಸಿ ಸರಿಯಾಗಿ ಹಿಡಿಸುವೆ, ಮರುಕ್ಷಣ ಮತ್ತೆ ಮುಷ್ಟಿ. ಒತ್ತಿ ಒತ್ತಿ ಬಳಪ ಮುರಿಯುತ್ತಿತ್ತು. ಹತ್ತು ದಿನ ಆದ ಮೇಲೆ ಸ್ಲೇಟು ಕಂಡರೆ ಸಾಕು, ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಕೂತುಬಿಡುತ್ತಿತ್ತು. ಆ ಮಗುವಿನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದೇ ಮಾರ್ಗಶಿರದಲ್ಲಿ ಮನೆ ಭೇಟಿಗೆ ಅವರ ಮನೆಗೆ ಹೋದೆ. ಸೊಗಡವರೆ ಕಾಲ. ಹಿಂದಿನ ರಾತ್ರಿ ನೆನೆಹಾಕಿದ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಅಜ್ಜಿ ಅವರೆ ಹಿದುಕುತ್ತಿದ್ದರು, ಪಕ್ಕದಲ್ಲಿ ನಮ್ಮ ಈ ಹುಡುಗಿ. ಕಾಳನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ನಡುವೆ ಹಿಡಿದು ಹದವಾಗಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹೊರಗೆ. ಕಮ್ಮಿ ಒತ್ತಿದರೆ ಬರುವುದಿಲ್ಲ, ಜಾಸ್ತಿ ಒತ್ತಿದರೆ ಬೇಳೆ ಹಾರಿ ಗೋಡೆಗೆ. ಆ ಮಗು ಬೇಕೆಂದೇ ಒಂದೊಂದನ್ನು ಬೆಕ್ಕಿನ ಕಡೆ ಹಾರಿಸುತ್ತಾ, ನಗುತ್ತಾ, ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಂದು ಬಟ್ಟಲು ತುಂಬಿಸಿತ್ತು. ನಾನು ಬಳಪ ಹಿಡಿಸಲು ಒದ್ದಾಡಿದ್ದು ಅವೇ ಮೂರು ಬೆರಳುಗಳಿಗೆ. ಮಾರನೇ ದಿನವೇ ಸ್ಲೇಟುಗಳನ್ನು ಬೀರುವಿನ ಮೇಲಿಟ್ಟೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತನೆಯ ಮೃದ್ವಸ್ಥಿ. ನಾಲ್ಕು ವರ್ಷದ ಮಗುವಿನ ಕೈ ಎಕ್ಸ್‌ರೇ ತೆಗೆದರೆ ಅವುಗಳಲ್ಲಿ ಮೂರೋ ನಾಲ್ಕೋ ಮಾತ್ರ ಕಾಣುತ್ತವೆ, ಮಿಕ್ಕವು ಇನ್ನೂ ಮೂಳೆಯಾಗುತ್ತಾ ಬರಬೇಕು. ಬರೆಯಲು ಬೆರಳಷ್ಟೇ ಸಾಲದು. ಭುಜ ನಿಲ್ಲಬೇಕು, ಮೊಣಕೈ ಊರಬೇಕು, ಆಮೇಲೆ ಬೆರಳು ಕುಣಿಯುತ್ತದೆ. ಜೋಕಾಲಿಯ ಹಗ್ಗ ಹಿಡಿಯುವುದು, ಬಕೆಟ್ಟು ಎತ್ತುವುದು, ಒದ್ದೆ ಮಣ್ಣಿನಲ್ಲಿ ಕಾಲಿನ ಮೇಲೆ ಗುಬ್ಬಿಗೂಡು ಕಟ್ಟಿ ಮೆಲ್ಲಗೆ ಕಾಲು ತೆಗೆಯುವುದು, ಚಪಾತಿ ಹಿಟ್ಟಿನಲ್ಲಿ ಹಾವು ಹೊಸೆಯುವುದು, ಇವೆಲ್ಲ ಆ ಕೆಲಸವೇ.

ಇನ್ನು ‘ಕೂತಲ್ಲಿ ಕೂರಲ್ಲ, ಹೇಳಿದ್ದು ಕೇಳಲ್ಲ’ ಅನ್ನುವ ದೂರು. ಕೆರೆ-ದಡ ಆಡಿಸಿ ನೋಡಿ. ನೆಲದ ಮೇಲೊಂದು ಗೆರೆ, ಈಚೆ ದಡ, ಆಚೆ ಕೆರೆ. ‘ಕೆರೆ’ ಅಂದರೆ ಒಳಗೆ ನೆಗೆಯಬೇಕು, ‘ದಡ’ ಅಂದರೆ ಹೊರಗೆ. ದಡದಲ್ಲಿ ನಿಂತಿರುವಾಗಲೇ ಮತ್ತೆ ‘ದಡ’ ಅಂದುಬಿಟ್ಟರೆ ಅಲುಗಾಡಬಾರದು. ಮೂರು ವರ್ಷದವು ಏನಂದರೂ ನೆಗೆಯುತ್ತವೆ, ಪಕ್ಕದವನು ನೆಗೆದದ್ದಕ್ಕೆ ನೆಗೆಯುತ್ತವೆ. ನಾಲ್ಕೂವರೆಯ ಹೊತ್ತಿಗೆ ಒಂದು ವಿಚಿತ್ರ ಕಾಣುತ್ತದೆ. ಕಾಲು ಎತ್ತಿರುತ್ತದೆ, ಮೈ ಮುಂದಕ್ಕೆ ವಾಲಿರುತ್ತದೆ, ಅಷ್ಟರಲ್ಲಿ ಮಗು ತನ್ನನ್ನೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಎತ್ತಿದ ಕಾಲನ್ನು ಅದೇ ಜಾಗಕ್ಕೆ ಇಳಿಸುತ್ತದೆ. ಮುಂದೆ ತರಗತಿಯಲ್ಲಿ ಗಮನ ಕೊಟ್ಟು ಕೂರಲು ಬೇಕಾದ ಹಿಡಿತ ಇದೇ. ಗದರಿಸಿ ಇದನ್ನು ತರಲು ನನ್ನಿಂದ ಒಂದು ದಿನವೂ ಆಗಲಿಲ್ಲ. ಸೋವಿಯತ್ ರಷ್ಯಾದಲ್ಲಿ 1940ರ ದಶಕದಲ್ಲಿ ಮನುಯ್ಲೆಂಕೊ ಅನ್ನುವ ಸಂಶೋಧಕಿ ಪುಟ್ಟ ಮಕ್ಕಳಿಗೆ ‘ಅಲ್ಲಾಡದೆ ನಿಲ್ಲಿ’ ಅಂತ ಸುಮ್ಮನೆ ಹೇಳಿ ನೋಡಿದರು, ಕಾವಲುಗಾರನ ಆಟ ಕಟ್ಟಿಯೂ ನಿಲ್ಲಿಸಿ ನೋಡಿದರು. ಆಟದಲ್ಲಿ ಕಾವಲುಗಾರರಾದ ಮಕ್ಕಳು ಎಷ್ಟೋ ಹೆಚ್ಚು ಹೊತ್ತು ನಿಂತರು.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ತಿಪಟೂರಂದರೆ ಕೊಬ್ಬರಿ. ನಮ್ಮ ಮಕ್ಕಳ ಅಚ್ಚುಮೆಚ್ಚಿನ ಆಟ ಮನೆಮನೆ ಆಟ ಅಲ್ಲ, ಮಾರ್ಕೆಟ್ ಆಟ. ಕಲ್ಲು ಅಂದರೆ ಕೊಬ್ಬರಿ, ಹುಣಸೆ ಬೀಜ ಅಂದರೆ ದುಡ್ಡು, ಎರಡು ಕರಟಕ್ಕೆ ದಾರ ಕಟ್ಟಿದರೆ ತಕ್ಕಡಿ. ಒಂದು ದಿನ ಐದು ವರ್ಷದ ಹುಡುಗ ದಲ್ಲಾಳಿ, ಅವನಿಗಿಂತ ಚಿಕ್ಕ ಹುಡುಗಿ ರೈತ.

‘ರೇಟು ಹೆಂಗೈತಣ್ಣ?’

‘ಬಿದ್ದೋಗೈತೆ. ನಾಕು ಕಲ್ಲಿಗೆ ಒಂದು ಬೀಜ.’

ಅವಳ ಹತ್ತಿರ ಹನ್ನೊಂದು ಕಲ್ಲು. ಅವನು ನಾಲ್ಕು ನಾಲ್ಕು ಗುಡ್ಡೆ ಮಾಡಿ, ಗುಡ್ಡೆಯ ಪಕ್ಕ ಒಂದೊಂದು ಬೀಜ ಇಟ್ಟ. ಮೂರು ಕಲ್ಲು ಉಳಿಯಿತು. ಅದನ್ನು ನೋಡಿದ, ಅವಳನ್ನು ನೋಡಿದ. ‘ಇದುಕ್ ಬರಕಿಲ್ಲ, ಇನ್ನೊಂದು ತಗಂಬಾ’ ಅಂದ. ಅವಳು ಓಡಿ ಬೇಲಿ ಪಕ್ಕದಿಂದ ಒಂದೇ ಒಂದು ಕಲ್ಲು ತಂದಳು. ನಾನು ಅನ್ನ ಬಡಿಸುವುದು ಬಿಟ್ಟು ನಿಂತುಬಿಟ್ಟಿದ್ದೆ. ಭಾಗಾಕಾರ, ಶೇಷ, ಎಲ್ಲ ಅಲ್ಲಿತ್ತು, ಒಂದು ಅಂಕಿ ಬರೆಯಲು ಬಾರದ ಮಕ್ಕಳಲ್ಲಿ. ಮಾತು ನೋಡಿ. ರೇಟು, ತೂಕ, ಚೌಕಾಸಿ, ಮುನಿಸು, ರಾಜಿ. ಕನ್ನಡದಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಮಕ್ಕಳ ನಡುವೆ ಕೂತವರಿಗೆ ಅದು ಯಾಕೆ ಒಂದೇ ಪದ ಅಂತ ತಾನಾಗಿ ಗೊತ್ತಾಗುತ್ತದೆ.

ಪಕ್ಕದ ಮನೆ ಹುಡುಗನನ್ನು ನಾನು ಹಳಿಯುತ್ತಿಲ್ಲ, ಅವನ ಕೈ ಬೇಗ ಪಳಗಿರಬಹುದು. ಆದರೆ ‘ನೂರರವರೆಗೆ ಬರೆಯುತ್ತಾನೆ’ ಅಂದರೆ ಅಂಕಿಯ ಆಕಾರಗಳು ಸಾಲಾಗಿ ಬರುತ್ತವೆ ಅಂತ ಅಷ್ಟೇ ಅರ್ಥ. ನಿಮ್ಮ ಮಗಳಿಗೆ ‘ಏಳು ಚಮಚ ತಂದುಕೊಡು’ ಅಂತ ಹೇಳಿ. ಎಣಿಸಿ ಏಳಕ್ಕೆ ನಿಲ್ಲಿಸಿದರೆ ಏಳು ಅವಳಿಗೆ ಬಂದಿದೆ, ಬರೆಯುವುದು ಆಮೇಲೆ ಬರುತ್ತದೆ.

ಮಿಸ್ ಹತ್ತಿರ ಮಾತಾಡುವಾಗ ನಿಮಗೊಂದು ಆಧಾರ ಬೇಕಾಗುತ್ತದೆ, ಅದಕ್ಕೆ ಇಷ್ಟು ಹೇಳುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಅಂತ ಮಾಡಿ, ಆಟ ಮತ್ತು ಚಟುವಟಿಕೆಯಿಂದಲೇ ಕಲಿಕೆ ಆಗಬೇಕು ಅಂದಿದೆ. ಆ ಹಂತಕ್ಕೆಂದೇ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಕೂಡ ಆಟದ ಮೇಲೇ ನಿಂತಿದೆ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ಕೊಟ್ಟಿರುವ ‘ಚಿಲಿಪಿಲಿ’ ಪಠ್ಯಕ್ರಮದಲ್ಲಿ ಕಥೆ, ಹಾಡು, ಆಟ, ಚಟುವಟಿಕೆಗಳೇ ಇರುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇನ್ನೂ ನೇರವಾಗಿದೆ. ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಕಮ್ಮಿಯೆಂದರೂ 180 ನಿಮಿಷ ಮೈ ಆಡಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಓಡಿ ನೆಗೆಯುವಂಥದ್ದು. ಟಿವಿ, ಮೊಬೈಲು ಒಂದು ಗಂಟೆ ದಾಟಬಾರದು. ‘ಮನೆಯಲ್ಲಿ ಬರೆಸುವುದಿಲ್ಲ, ಕೈಗೆ ಬೇರೆ ಕೆಲಸ ಕೊಡುತ್ತೇನೆ, ಒಂದು ಟರ್ಮ್ ಸಮಯ ಕೊಡಿ’ ಅಂತ ಮೆತ್ತಗೆ ಆದರೆ ಖಂಡಿತವಾಗಿ ಹೇಳಿ. ಪಾಪ, ಎಷ್ಟೋ ಮಿಸ್‌ಗಳಿಗೂ ಇದು ಗೊತ್ತು. ಅವರ ಮೇಲೆ ಮ್ಯಾನೇಜ್‌ಮೆಂಟ್ ಒತ್ತಡ, ಮ್ಯಾನೇಜ್‌ಮೆಂಟ್ ಮೇಲೆ ನಮ್ಮಂಥ ಪೋಷಕರದೇ ಒತ್ತಡ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಾಲ್ಕಾದರೂ ಮಗು ಸುಳ್ಳುಸುಳ್ಳೇ ಅಡುಗೆ, ಅಂಗಡಿ ಅಂತ ಆಡುವುದೇ ಇಲ್ಲ, ಬೇರೆ ಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ, ಪುಟ್ಟ ವಾಕ್ಯ ಕೂಡಿಸಿ ಮಾತಾಡುವುದಿಲ್ಲ ಅಂದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮ ಮಗಳ ಬಗ್ಗೆ ನೀವು ಬರೆದದ್ದು ನೋಡಿದರೆ ಆ ಚಿಂತೆ ಕಾಣುತ್ತಿಲ್ಲ.

ದುಬಾರಿ ಆಟಿಕೆ ಏನೂ ಬೇಕಾಗಿಲ್ಲ. ಕರಟ, ಮುಚ್ಚಳ, ಹಳೇ ಸೀರೆ, ಒಂದು ಬುಟ್ಟಿ ಕಲ್ಲು ಸಾಕು. ದಿನಕ್ಕೆ ಅರ್ಧ ಗಂಟೆ ನೀವೂ ಫೋನು ಬೇರೆ ಕೋಣೆಯಲ್ಲಿಟ್ಟು ಅವಳ ಜೊತೆ ನೆಲದ ಮೇಲೆ ಕೂರಿ. ಆಟದ ಯಜಮಾನಿಕೆ ಅವಳದ್ದೇ ಇರಲಿ. ಏನೋ ಕಲಿಸಬೇಕು ಅಂತ ಮಧ್ಯೆ ‘ಇದು ಯಾವ ಬಣ್ಣ, ಹೇಳು’ ಅನ್ನಬೇಡಿ. ಖಾಲಿ ಲೋಟದಲ್ಲಿ ಕಾಫಿ ಕೊಟ್ಟರೆ ಊದಿಕೊಂಡು ಕುಡಿಯಿರಿ, ‘ಸಕ್ಕರೆ ಕಮ್ಮಿ ಆಯ್ತಲ್ಲಮ್ಮಾ’ ಅನ್ನಿ. ಮುಂದೇನು ಮಾಡಬೇಕು ಅಂತ ಅವಳಿಗೆ ಗೊತ್ತಿರುತ್ತದೆ.